ಕೋರ್ಟು ಕೇಸನ್ನು ಆರ್ಬಿಟ್ರೇಷನ್‌ಗೆ ಕಳಿಸಿಬಿಟ್ಟಿತಾ? ಅಪೀಲ್ ಇಲ್ಲ, ಆದರೆ ದಾರಿ ಇದೆ

"ಮೇಡಂ, ಅಪೀಲ್ ಹಾಕ್ಬಿಡೋಣ. ಖರ್ಚು ಎಷ್ಟಾದ್ರೂ ಆಗ್ಲಿ."

ಕಾಂಡಿಮೆಂಟ್ಸ್ ಅಂಗಡಿಯವರು ಪ್ಲಾಸ್ಟಿಕ್ ಕವರಿನಿಂದ ಆದೇಶದ ಪ್ರತಿ ತೆಗೆದು ನನ್ನ ಟೇಬಲ್ ಮೇಲಿಟ್ಟರು. 9 ಪುಟ. ಅವರು ಓದಿದ್ದು ಕೊನೆಯ ಮೂರು ಸಾಲು ಮಾತ್ರ. ಪ್ರತಿವಾದಿಯ ಐ.ಎ. (ದಾವೆಯ ನಡುವೆ ಹಾಕಿದ ಅರ್ಜಿ) ಮಂಜೂರು, ಇಬ್ಬರೂ ಆರ್ಬಿಟ್ರೇಷನ್‌ಗೆ ಹೋಗಬೇಕು, ದಾವೆ ಮುಕ್ತಾಯ. ಮಾಲೀಕರು ಬಲವಂತವಾಗಿ ಅಂಗಡಿ ಖಾಲಿ ಮಾಡಿಸಬಾರದು ಅಂತ ಇವರು ಹಾಕಿದ್ದ ದಾವೆ ಅದು. ಬಾಡಿಗೆ ಕರಾರಿನ ಕೊನೇ ಪುಟದಲ್ಲಿ, ಯಾರೂ ಓದದ ಜಾಗದಲ್ಲಿ, "ಯಾವುದೇ ತಕರಾರು ಬಂದರೆ ಪಂಚಾಯ್ತಿದಾರರ ಮೂಲಕವೇ ತೀರ್ಮಾನಿಸಿಕೊಳ್ಳತಕ್ಕದ್ದು" ಅಂತ ಒಂದು ಸಾಲಿತ್ತು. ಆ ಸಾಲು ಹಿಡಿದುಕೊಂಡು ಮಾಲೀಕರು ದಾವೆಯನ್ನೇ ಮುಗಿಸಿಬಿಟ್ಟರು.

ಈ ಸ್ಥಿತಿಯಲ್ಲಿ ಬರುವವರು ಜಾಸ್ತಿಯಾಗಿದ್ದಾರೆ. ಬಾಡಿಗೆ ಕರಾರು, ಬಿಲ್ಡರ್ ಅಗ್ರಿಮೆಂಟು, ಪಾರ್ಟ್‌ನರ್‌ಶಿಪ್ ಡೀಡು, ಡೀಲರ್‌ಶಿಪ್, ವಾಹನ ಸಾಲ, ಎಲ್ಲದರಲ್ಲೂ ಈ ಕಲಮು ಇರುತ್ತದೆ. ಹಾಗಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇದು ನಿಮ್ಮ ವಕೀಲರ ಬದಲಿಗಲ್ಲ, ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳೋದಕ್ಕೆ.

ಮೊದಲೇ ಒಂದು ಗೊಂದಲ ಬಿಡಿಸಿಬಿಡ್ತೀನಿ. ಕನ್ನಡದಲ್ಲಿ ಮಧ್ಯಸ್ಥಿಕೆ ಅನ್ನೋ ಪದವನ್ನು ಎರಡಕ್ಕೂ ಬಳಸುತ್ತಾರೆ. ಮೀಡಿಯೇಷನ್ ಅಂದರೆ ರಾಜಿ ಮಾತುಕತೆ, ಒಪ್ಪದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಷನ್ ಹಾಗಲ್ಲ. ಅಲ್ಲಿ ಆರ್ಬಿಟ್ರೇಟರ್ (ಕರಾರಿನಲ್ಲಿ ಬರೆದ ಪಂಚಾಯ್ತಿದಾರರು ಅಂದರೆ ಇವರೇ) ಕೊಡುವ ಅವಾರ್ಡು, ಅಂದರೆ ತೀರ್ಪು, ಕೋರ್ಟ್ ಡಿಕ್ರಿಯ ಹಾಗೇ ಜಾರಿಯಾಗುತ್ತದೆ. "ಮಧ್ಯಸ್ಥಿಕೆ ತಾನೇ, ಹೋಗಿ ಕೂತರಾಯ್ತು" ಅಂತ ಸುಮ್ನಿದ್ದವರು ಆಮೇಲೆ ಜಪ್ತಿ ನೋಟಿಸ್ ಹಿಡಿದುಕೊಂಡು ಬಂದಿದ್ದನ್ನು ನೋಡಿದ್ದೇನೆ.

ಹೆಜ್ಜೆ 1: ಅಪೀಲ್ ಯಾಕಿಲ್ಲ ಅನ್ನೋದು ತಿಳ್ಕೊಳ್ಳಿ

ಕೋರ್ಟು ಪಕ್ಷಗಾರರನ್ನು ಆರ್ಬಿಟ್ರೇಷನ್‌ಗೆ ಕಳಿಸೋದು 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 8ರ ಅಡಿ. ಯಾವ ಆದೇಶಕ್ಕೆ ಅಪೀಲ್ ಇದೆ ಅನ್ನೋದು ಸೆಕ್ಷನ್ 37ರಲ್ಲಿದೆ. 2015ರ ತಿದ್ದುಪಡಿಯಲ್ಲಿ ಅಲ್ಲಿಗೆ ಒಂದು ಸಾಲು ಸೇರಿಸಿದರು. ಕೋರ್ಟು ಕಳಿಸೋಕೆ *ನಿರಾಕರಿಸಿದರೆ* ಅಪೀಲ್ ಹೋಗಬಹುದು. ಕಳಿಸಿದರೆ? ಆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅದೇ ಸೆಕ್ಷನ್ನು ಪಟ್ಟಿಯಲ್ಲಿ ಇರುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅಪೀಲ್ ಇಲ್ಲ ಅಂತಲೂ ಹೇಳುತ್ತದೆ.

ಅಂದರೆ ಸೋತಿದ್ದು ಮಾಲೀಕರಾಗಿದ್ದರೆ ಅವರಿಗೆ ಅಪೀಲ್ ಇರುತ್ತಿತ್ತು, ಸೋತ ನಿಮಗೆ ಇಲ್ಲ. ಅನ್ಯಾಯ ಅನ್ನಿಸುತ್ತದೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ. ಆರ್ಬಿಟ್ರೇಷನ್‌ಗೆ ಹೋದ ಮೇಲೂ "ಇದು ನಿಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಆರ್ಬಿಟ್ರೇಟರ್ ಮುಂದೆಯೇ ತಕರಾರು ಎತ್ತಬಹುದು, ಕೊನೆಗೆ ಅವಾರ್ಡನ್ನು ಪ್ರಶ್ನಿಸುವಾಗ ಅದನ್ನೇ ಮತ್ತೆ ಎತ್ತಬಹುದು. ನಿಮ್ಮ ಮಾತು ಸತ್ತುಹೋಗಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ. ಕಳಿಸಲ್ಲ ಅಂದರೆ ಎದುರಿನವರ ಆರ್ಬಿಟ್ರೇಷನ್ ಹಕ್ಕು ಅಲ್ಲಿಗೇ ಮುಗಿಯುತ್ತದೆ, ಅದಕ್ಕೇ ಅವರಿಗೆ ಅಪೀಲ್.

ಸಿವಿಲ್ ರಿವಿಷನ್ (ಆದೇಶವನ್ನು ಮೇಲಿನ ಕೋರ್ಟು ಮರುಪರಿಶೀಲಿಸಲಿ ಅಂತ ಕೇಳೋದು) ಹಾಕೋಣ ಅನ್ನುವವರಿದ್ದಾರೆ. ಅದಕ್ಕೆ ಕೇಳಬೇಕಾದ ಪ್ರಶ್ನೆ: ಆದೇಶ ನಿಮ್ಮ ಕಡೆ ಬಂದಿದ್ದರೆ ದಾವೆ ಅಲ್ಲಿಗೇ ಮುಗಿಯುತ್ತಿತ್ತಾ? ಇಲ್ಲ, ನಡೆಯುತ್ತಲೇ ಇರುತ್ತಿತ್ತು. ಸಿವಿಲ್ ಪ್ರೊಸೀಜರ್ ಕೋಡಿನ ಸೆಕ್ಷನ್ 115 ಅಂಥ ಆದೇಶಕ್ಕೆ ರಿವಿಷನ್ ಕೊಡಲ್ಲ. ಕಮರ್ಷಿಯಲ್ ಕೋರ್ಟಿನ ಮಧ್ಯಂತರ ಆದೇಶಗಳಿಗಂತೂ ರಿವಿಷನ್ ಬಾಗಿಲನ್ನು ಕಾಯ್ದೆಯೇ ಮುಚ್ಚಿದೆ.

ಹೆಜ್ಜೆ 2: ಮೊದಲ ವಾರ ತಡೆಯಾಜ್ಞೆ ಕಾಪಾಡಿಕೊಳ್ಳಿ

ಎಲ್ಲರೂ ಮರೆಯೋದು ಇದನ್ನೇ. ಅಪೀಲ್, ಹೈಕೋರ್ಟ್ ಅಂತ ಓಡಾಡುವಾಗ ಇರೋ ರಕ್ಷಣೆ ಜಾರಿಹೋಗಿರುತ್ತದೆ. ಆರ್ಬಿಟ್ರೇಷನ್‌ಗೆ ಕಳಿಸಿದ ಮೇಲೆ ಆ ಕೋರ್ಟಿನಲ್ಲಿ ಇನ್ನೇನೂ ಉಳಿಯಲ್ಲ ಅಂತ ಸುಪ್ರೀಂ ಕೋರ್ಟ್ ಆನಂದ ಗಜಪತಿ ರಾಜು ಕೇಸಿನಲ್ಲಿ 2000ದಲ್ಲೇ ಹೇಳಿದೆ. ದಾವೆ ಮುಗಿದರೆ ಅದರಲ್ಲಿದ್ದ ಮಧ್ಯಂತರ ತಡೆಯಾಜ್ಞೆಯೂ ಮುಗಿಯಿತು. ಅಂಗಡಿಯವರಿಗೆ ಇದು ಗೊತ್ತೇ ಇರಲಿಲ್ಲ. "ಸ್ಟೇ ಇದೆಯಲ್ಲ ಮೇಡಂ" ಅಂತಲೇ ಧೈರ್ಯವಾಗಿದ್ದರು. ಅಷ್ಟು ಹೊತ್ತಿಗೆ ಸ್ಟೇ ಹೋಗಿ 11 ದಿನ ಆಗಿತ್ತು.

ಅದಕ್ಕೆ ಔಷಧಿ ಅದೇ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 9. ಆರ್ಬಿಟ್ರೇಟರ್ ನೇಮಕ ಆಗುವ ಮೊದಲೇ ಕೋರ್ಟಿನಿಂದ ತಾತ್ಕಾಲಿಕ ರಕ್ಷಣೆ ಕೇಳಬಹುದು. ಎರಡು ವಿಷಯ ನೆನಪಿರಲಿ. ಸೆಕ್ಷನ್ 9ರಲ್ಲಿ ಆದೇಶ ಸಿಕ್ಕರೆ 90 ದಿನದೊಳಗೆ ಆರ್ಬಿಟ್ರೇಷನ್ ಶುರುವಾಗಬೇಕು. ಆರ್ಬಿಟ್ರೇಟರ್ ಬಂದು ಕೂತ ಮೇಲೆ ಕೋರ್ಟು ಸಾಮಾನ್ಯವಾಗಿ ಇಂಥ ಅರ್ಜಿ ಮುಟ್ಟಲ್ಲ, ಸೆಕ್ಷನ್ 17ರಲ್ಲಿ ಅವರನ್ನೇ ಕೇಳಬೇಕು.

"ಸೆಕ್ಷನ್ 9 ಹಾಕಿದರೆ ಆರ್ಬಿಟ್ರೇಷನ್ ಒಪ್ಪಿಕೊಂಡ ಹಾಗಲ್ವಾ?" ಒಳ್ಳೇ ಪ್ರಶ್ನೆ. ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆಸಿ: ಆರ್ಬಿಟ್ರೇಷನ್‌ಗೆ ಕಳಿಸಿದ ಆದೇಶವನ್ನು ಪ್ರಶ್ನಿಸುವ ನಮ್ಮ ಹಕ್ಕು ಉಳಿಸಿಕೊಂಡು, ಸದ್ಯದ ರಕ್ಷಣೆಗಾಗಿ ಮಾತ್ರ ಈ ಅರ್ಜಿ. ಒಂದೇ ವಾಕ್ಯ, ಆದರೆ ಮುಂದೆ ಎರಡು ವರ್ಷ ಕಾಯುತ್ತದೆ. ಮುಂದೆ ಹಾಕುವ ಪ್ರತಿಯೊಂದು ಕಾಗದದಲ್ಲೂ ಅದು ಇರಲಿ.

ಹೆಜ್ಜೆ 3: ಆದೇಶವನ್ನು ಪೂರ್ತಿ ಓದಿ, ತಪ್ಪು ಎಲ್ಲಿದೆ ಹುಡುಕಿ

ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿ. ಅದು ಬರುವ ತನಕ ಆನ್‌ಲೈನ್ ಪ್ರತಿ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂರಿ.

ಮೊದಲು ದಿನಾಂಕ. ಸೆಕ್ಷನ್ 8 ಅರ್ಜಿಯನ್ನು ಎದುರಿನವರು ವಿವಾದದ ಬಗ್ಗೆ ತಮ್ಮ ಮೊದಲ ಹೇಳಿಕೆ ಸಲ್ಲಿಸುವುದಕ್ಕಿಂತ ತಡವಾಗಿ ಹಾಕುವಂತಿಲ್ಲ. ಪೂರ್ತಿ ರಿಟನ್ ಸ್ಟೇಟ್‌ಮೆಂಟ್ (ದಾವೆಗೆ ಲಿಖಿತ ಉತ್ತರ) ಹಾಕಿ, ಇಶ್ಯೂ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳ ಪಟ್ಟಿ) ಆಗಿ, ನಿಮ್ಮ ಸಾಕ್ಷಿಯ ಚೀಫ್ (ಮುಖ್ಯ ಹೇಳಿಕೆ) ಮುಗಿದ ಮೇಲೆ "ಅಯ್ಯೋ ಆರ್ಬಿಟ್ರೇಷನ್ ಕಲಮಿದೆ" ಅಂದರೆ ಆಗಲ್ಲ. ಆದರೆ ತಡೆಯಾಜ್ಞೆ ಅರ್ಜಿಗೆ ತಕರಾರು ಹಾಕಿದ್ದು ಮಾತ್ರ ಮೊದಲ ಹೇಳಿಕೆ ಅಂತ ಲೆಕ್ಕಕ್ಕೆ ಬರಲ್ಲ. ಬೂಜ್ ಅಲೆನ್ ಕೇಸಿನಲ್ಲಿ (2011) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಆಮೇಲೆ ಕಲಮಿನ ಭಾಷೆ. "ತೀರ್ಮಾನಿಸಿಕೊಳ್ಳತಕ್ಕದ್ದು" ಬೇರೆ, "ಇಬ್ಬರೂ ಒಪ್ಪಿದರೆ ತೀರ್ಮಾನಿಸಿಕೊಳ್ಳಬಹುದು" ಬೇರೆ. ಮುಂದೆ ಮತ್ತೆ ಒಪ್ಪಿಗೆ ಬೇಕಾಗಿರುವ ಕಲಮು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ ಅಂತ ಜಗದೀಶ್ ಚಂದರ್ ಕೇಸಿನಲ್ಲಿ (2007) ತೀರ್ಪಾಗಿದೆ. ನಮ್ಮ ಕಡೆ ಕರಾರು ಬರೆಯುವವರು ಹಳೇ ಫಾರ್ಮ್ಯಾಟು ನೋಡಿ ಕನ್ನಡಕ್ಕೆ ಇಳಿಸುವಾಗ ಈ "ತಕ್ಕದ್ದು", "ಬಹುದು" ಅದಲುಬದಲು ಆಗಿರುತ್ತದೆ. ಅದು ನಿಮ್ಮ ಅದೃಷ್ಟವೂ ಇರಬಹುದು, ದುರದೃಷ್ಟವೂ ಇರಬಹುದು.

ಸಹಿ ಯಾರದ್ದು ನೋಡಿ. ಅಪ್ಪನ ಕಾಲದ ಕರಾರಾ, ನಿಮ್ಮದಾ, ಇಲ್ಲ ಮುಗಿದುಹೋದ ಕರಾರಿನ ಮೇಲೆ ಸುಮ್ನೆ ಬಾಡಿಗೆ ಕಟ್ಟಿಕೊಂಡು ಬಂದಿದ್ದಾ. ಅಪ್ಪನ ಸಹಿ ಅಂತ ಮಾತ್ರ ತಪ್ಪಿಸಿಕೊಳ್ಳೋಕಾಗಲ್ಲ, ಸಹಿ ಮಾಡಿದವರ ಮೂಲಕ ಹಕ್ಕು ಕೇಳುವವರಿಗೂ ಕಲಮು ಅಂಟುತ್ತದೆ.

ಛಾಪಾ ಕಾಗದದ ತಕರಾರು ಒಂದಿದೆ, ಅದನ್ನು ಬೇಗ ದಾಟೋಣ. "ಕರಾರಿಗೆ ಸ್ಟ್ಯಾಂಪ್ ಡ್ಯೂಟಿ ಕಡಿಮೆ, ಆದ್ದರಿಂದ ಕಲಮೇ ಇಲ್ಲ" ಅನ್ನೋ ವಾದ 2023ರ ಏಪ್ರಿಲ್‌ನಲ್ಲಿ ಗೆದ್ದಿತ್ತು, ಅದೇ ವರ್ಷ ಡಿಸೆಂಬರ್ 13ರಂದು 7 ನ್ಯಾಯಮೂರ್ತಿಗಳ ಪೀಠದಲ್ಲಿ ಸೋತಿತು. ಸ್ಟ್ಯಾಂಪ್ ಕೊರತೆ ಸರಿಪಡಿಸಬಹುದಾದ ದೋಷ, ಅದನ್ನು ಆರ್ಬಿಟ್ರೇಟರ್ ನೋಡಿಕೊಳ್ಳಲಿ ಅಂದರು. ಆ ಪೀಠದ ಮುಂದೆ ಹೋಗಿದ್ದ ಕೇಸುಗಳಲ್ಲಿ ಒಂದು ನಮ್ಮ ಬೆಂಗಳೂರಿನ ಛತ್ರವೊಂದರ ಲೀಸ್ ವ್ಯಾಜ್ಯ. ಇವತ್ತು ಈ ವಾದದ ಮೇಲೆ ದುಡ್ಡು ಸುರಿಯಬೇಡಿ.

ಕೊನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ಈ ವಿಷಯ ಆರ್ಬಿಟ್ರೇಷನ್‌ಗೆ ಹೋಗಬಹುದಾದ ವಿಷಯವೇನಾ? ಇಬ್ಬರು ಸಹಿ ಮಾಡಿದ ಮಾತ್ರಕ್ಕೆ ಎಲ್ಲವೂ ಪಂಚಾಯ್ತಿದಾರರ ಮುಂದೆ ಹೋಗಲ್ಲ. ಕ್ರಿಮಿನಲ್ ಅಪರಾಧ, ವಿಚ್ಛೇದನ, ಮಕ್ಕಳ ಪಾಲನೆ, ದಿವಾಳಿತನ, ವಿಲ್ಲಿನ ಪ್ರೊಬೇಟ್ (ವಿಲ್ಲು ನಿಜ ಅಂತ ಕೋರ್ಟು ದೃಢಪಡಿಸೋದು) ಇವು ಹೊರಗೆ. ಬಾಡಿಗೆ ವಿಷಯದಲ್ಲಿ ಗೆರೆ ತುಂಬಾ ಸಣ್ಣದು. 2020ರ ಡಿಸೆಂಬರ್ 14ರ ವಿದ್ಯಾ ದ್ರೋಲಿಯಾ ತೀರ್ಪಿನ ಪ್ರಕಾರ ಆಸ್ತಿ ವರ್ಗಾವಣೆ ಕಾಯ್ದೆಯ ಅಡಿ ಬರುವ ಮಾಮೂಲಿ ಬಾಡಿಗೆ ವ್ಯಾಜ್ಯ ಆರ್ಬಿಟ್ರೇಷನ್‌ಗೆ ಹೋಗಬಹುದು. ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇರುವ ಬಾಡಿಗೆ ಹೋಗಲ್ಲ, ಅದಕ್ಕೆ ಕಾಯ್ದೆ ಹೇಳಿದ ಕೋರ್ಟೇ ಆಗಬೇಕು.

ಇಲ್ಲಿಗೆ ಬಂದಾಗ ನಾನು ಅಂಗಡಿಯವರನ್ನು ಕೇಳಿದೆ, "ಅಂಗಡಿ ಎಷ್ಟು ದೊಡ್ಡದಿದೆ ಯಜಮಾನ್ರೇ? ಬಾಡಿಗೆ ಎಷ್ಟು?"

"ಬಾಡಿಗೆ 2,800. ಅಂಗಡಿ ಪುಟ್ಟದು ಮೇಡಂ, ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ."

ಕರ್ನಾಟಕ ಬಾಡಿಗೆ ಕಾಯ್ದೆ, 1999 ವ್ಯಾಪಾರದ ಜಾಗಗಳನ್ನು ಹೊರಗಿಟ್ಟಿದೆ, ಆದರೆ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳನ್ನು ಒಳಗೇ ಉಳಿಸಿಕೊಂಡಿದೆ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ಬಾಡಿಗೆಯ ಮಿತಿಯೂ ಇದೆ, ಬೆಂಗಳೂರಿನಂಥ ಕಡೆ ತಿಂಗಳಿಗೆ 3,500, ಉಳಿದ ಕಡೆ 2,000. ಕಟ್ಟಡ ಎಷ್ಟು ಹಳೆಯದು, ಮಾಲೀಕರು ಸರ್ಕಾರವಾ, ಧಾರ್ಮಿಕ ಸಂಸ್ಥೆಯಾ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಇವರ ಕರಾರಿನ ಷೆಡ್ಯೂಲಿನಲ್ಲಿ 180 ಚದರ ಅಡಿ ಅಂತ ಬರೆದಿತ್ತು. ಮುಂದಿನ ಕಲ್ಲಿನ ಮೆಟ್ಟಿಲು, ಅದರ ಮೇಲಿನ ತಗಡಿನ ನೆರಳು, ಎಲ್ಲಾ ಸೇರಿಸಿ ಬರೆದಿದ್ದರು. ಆ 180 ಅನ್ನೋ ಅಂಕಿಯನ್ನು ಕೆಳಗಿನ ಕೋರ್ಟಿನಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ಹೀಗಾಗಿ ಆದೇಶದ 7ನೇ ಪುಟದಲ್ಲಿ ಬಾಡಿಗೆ ಕಾಯ್ದೆಯ ವಾದ ಎರಡೇ ವಾಕ್ಯದಲ್ಲಿ ಮುಗಿದಿತ್ತು.

ಗ್ರಾಹಕರಿಗೆ ಒಂದು ಮಾತು. ನಿಮ್ಮದು ಬಿಲ್ಡರ್ ಮೇಲೋ ಇನ್ಶೂರೆನ್ಸ್ ಮೇಲೋ ಇರುವ ಗ್ರಾಹಕ ದೂರಾದರೆ, ಆರ್ಬಿಟ್ರೇಷನ್ ಕಲಮು ಇದ್ದರೂ ಗ್ರಾಹಕ ಆಯೋಗ ಅದನ್ನು ನಡೆಸಬಹುದು. ಎಮ್ಮಾರ್ ಎಂಜಿಎಫ್ ತೀರ್ಪು (2018) ಇದನ್ನೇ ಹೇಳಿದೆ. ಸಿವಿಲ್ ಕೋರ್ಟಿಗೆ ಹೋಗಿ ಅಲ್ಲಿಂದ ಆರ್ಬಿಟ್ರೇಷನ್‌ಗೆ ತಳ್ಳಿಸಿಕೊಳ್ಳುವ ಬದಲು ಮೊದಲೇ ಆಯೋಗಕ್ಕೆ ಹೋಗೋದು ಜಾಣತನ.

ಹೆಜ್ಜೆ 4: ಹೈಕೋರ್ಟಾ, ಆರ್ಬಿಟ್ರೇಟರಾ, ತೀರ್ಮಾನ ಮಾಡಿ

ಅಪೀಲ್ ಇಲ್ಲದಿದ್ದರೂ ಸಂವಿಧಾನದ 227ನೇ ವಿಧಿ ಇದೆ. ತನ್ನ ಕೆಳಗಿನ ಕೋರ್ಟುಗಳು ವ್ಯಾಪ್ತಿಯೊಳಗೆ ಕೆಲಸ ಮಾಡುತ್ತಿವೆಯಾ ಅಂತ ನೋಡುವ ಅಧಿಕಾರ ಹೈಕೋರ್ಟಿಗಿದೆ. ಅದನ್ನು ಯಾವ ಸೆಕ್ಷನ್ನೂ ಕಿತ್ತುಕೊಳ್ಳೋಕಾಗಲ್ಲ. ಅರ್ಜಿಯಲ್ಲಿ 226ನೇ ವಿಧಿ (ರಿಟ್ ಅಧಿಕಾರದ್ದು) ಅಂತ ಬರೆಯಬೇಡಿ. ಸಿವಿಲ್ ಕೋರ್ಟಿನ ಆದೇಶಕ್ಕೆ 226 ನಡೆಯಲ್ಲ, 227 ಮಾತ್ರ ಅಂತ ರಾಧೇ ಶ್ಯಾಂ ಕೇಸಿನಲ್ಲಿ (2015) ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಬಾಗಿಲು ಇದೆ, ಆದರೆ ತುಂಬಾ ಕಿರಿದು. ಡೀಪ್ ಇಂಡಸ್ಟ್ರೀಸ್ (2019), ಭಾವೆನ್ ಕನ್‌ಸ್ಟ್ರಕ್ಷನ್ (2021) ಎರಡರಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದರ ತಿರುಳು ಒಂದೇ. ಆರ್ಬಿಟ್ರೇಷನ್ ವಿಷಯದಲ್ಲಿ ಹೈಕೋರ್ಟು ತೀರಾ ಅಪರೂಪಕ್ಕೆ ಕೈ ಹಾಕಬೇಕು, ವ್ಯಾಪ್ತಿಯೇ ಇಲ್ಲ ಅನ್ನೋದು ಮೇಲ್ನೋಟಕ್ಕೇ ಕಾಣುವಾಗ, ಇಲ್ಲವೇ ಎದುರಿನವರ ದುರುದ್ದೇಶ ಎದ್ದು ಕಾಣುವಾಗ. "ಜಡ್ಜು ನಮ್ಮ ದಾಖಲೆ ಸರಿಯಾಗಿ ನೋಡಲಿಲ್ಲ" ಅನ್ನೋದು ಸಾಕಾಗಲ್ಲ. ಅದರ ಮೇಲೆ ವಿದ್ಯಾ ದ್ರೋಲಿಯಾದ ಸೂತ್ರ ಬೇರೆ ಇದೆ: ಅನುಮಾನ ಇದ್ದರೆ ಕಳಿಸಿಬಿಡಿ. ಅಂದರೆ ನಿಮ್ಮ ವಿಷಯದಲ್ಲಿ ಅನುಮಾನವೇ ಇಲ್ಲ ಅಂತ ನೀವು ತೋರಿಸಬೇಕು.

ನಾನು ಪಾಲಿಸುವ ಲೆಕ್ಕ ಹೇಳ್ತೀನಿ. ತಪ್ಪನ್ನು ಎರಡು ಕಾಗದ ತೋರಿಸಿ ಐದು ನಿಮಿಷದಲ್ಲಿ ವಿವರಿಸಬಹುದಾದರೆ ಹೈಕೋರ್ಟಿಗೆ ಹೋಗಿ. ರಿಟನ್ ಸ್ಟೇಟ್‌ಮೆಂಟ್ ಹಾಕಿ ವರ್ಷ ಕಳೆದ ಮೇಲೆ ಬಂದ ಸೆಕ್ಷನ್ 8 ಅರ್ಜಿ. "ಬಹುದು" ಅಂತಿರುವ ಕಲಮು. ಕಾಯ್ದೆಯೇ ಬೇರೆ ಕೋರ್ಟಿಗೆ ಕೊಟ್ಟಿರುವ ವಿಷಯ. ಇಂಥವು. ಸಹಿ ನಕಲಿ, ಮೋಸ ಮಾಡಿ ಬರೆಸಿಕೊಂಡರು, ಬಾಯಿಮಾತಿನಲ್ಲಿ ಬೇರೆ ಒಪ್ಪಂದ ಆಗಿತ್ತು, ಇದೆಲ್ಲಾ ಸಾಕ್ಷಿ ಬೇಡುವ ವಿಷಯ. ಹೈಕೋರ್ಟಿನಲ್ಲಿ ಇದಕ್ಕೆ ಕಿವಿ ಸಿಗಲ್ಲ, ನೇರವಾಗಿ ಹೆಜ್ಜೆ 6ಕ್ಕೆ ಹೋಗಿ. ಬಂದವರಲ್ಲಿ ಹೆಚ್ಚಿನವರಿಗೆ ನಾನು ಹೇಳೋದು ಇದನ್ನೇ, ಫೀಸು ಕಳ್ಕೊಂಡರೂ ಪರವಾಗಿಲ್ಲ.

ಹೆಜ್ಜೆ 5: 227ರ ಅರ್ಜಿ

ಕಾಯ್ದೆಯಲ್ಲಿ ಇಷ್ಟು ದಿನ ಅಂತ ಗಡುವಿಲ್ಲ. ಹಾಗಂತ ಆರು ತಿಂಗಳು ಬಿಟ್ಟು ಹೋದರೆ ಮೊದಲ ಪ್ರಶ್ನೆಯೇ "ಇಷ್ಟು ದಿನ ಏನ್ಮಾಡ್ತಿದ್ರಿ?" ತಿಂಗಳೊಳಗೆ ಹಾಕಿ. ನಿಮ್ಮ ಜಿಲ್ಲೆ ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಸೇರಿದ್ದರೆ ಅಲ್ಲೇ ಹಾಕಬೇಕು.

ದಾವೆಯ ಪ್ರತಿ, ಕರಾರು, ಸೆಕ್ಷನ್ 8 ಅರ್ಜಿ, ನೀವು ಹಾಕಿದ ತಕರಾರು, ಆದೇಶದ ಸರ್ಟಿಫೈಡ್ ಕಾಪಿ, ಇಷ್ಟು ಅನೆಕ್ಷರ್ ಆಗಿ, ಅಂದರೆ ಅರ್ಜಿಗೆ ಲಗತ್ತಾಗಿ, ಬೇಕೇ ಬೇಕು. ಕರಾರಿನ ಜೆರಾಕ್ಸು ಮಸುಕಾಗಿದ್ದರೆ ಟೈಪ್ ಮಾಡಿಸಿದ ಪ್ರತಿ ಜೊತೆಗಿಡಿ. ಸೆಕ್ಷನ್ 8 ಅರ್ಜಿಯ ಜೊತೆ ಮೂಲ ಕರಾರು ಅಥವಾ ಅದರ ದೃಢೀಕೃತ ಪ್ರತಿ ಕೊಟ್ಟಿದ್ದರಾ ಅಂತಲೂ ನೋಡಿ, ಕಾಯ್ದೆ ಅದನ್ನು ಕೇಳುತ್ತದೆ.

ಗ್ರೌಂಡ್ಸ್ (ಆದೇಶ ತಪ್ಪು ಅನ್ನೋದಕ್ಕೆ ಕಾರಣಗಳು) ಮೂರು ಸಾಕು, ನಾಲ್ಕು ಜಾಸ್ತಿ. ಇಪ್ಪತ್ತು ಗ್ರೌಂಡು ಬರೆದರೆ ಒಂದೂ ಗಟ್ಟಿ ಇಲ್ಲ ಅಂತಲೇ ಅರ್ಥವಾಗೋದು. ಕೆಳಗಿನ ಕೋರ್ಟಿನಲ್ಲಿ ಎತ್ತದೇ ಇದ್ದ ಮಾತನ್ನು ಇಲ್ಲಿ ಹೊಸದಾಗಿ ಎತ್ತೋದು ಕಷ್ಟ, ಆದರೆ ವ್ಯಾಪ್ತಿಯ ಪ್ರಶ್ನೆಯನ್ನು ದಾಖಲೆಯಲ್ಲಿ ಇರುವುದರಿಂದಲೇ ತೋರಿಸಲು ಸಾಧ್ಯವಿದ್ದರೆ ಪ್ರಯತ್ನ ಮಾಡಬಹುದು. ಮಧ್ಯಂತರ ಕೋರಿಕೆಯಾಗಿ ಆರ್ಬಿಟ್ರೇಷನ್‌ಗೆ ತಡೆ ಕೇಳಿ, ಸಿಗುತ್ತೆ ಅಂತ ನಂಬಿ ಕೂರಬೇಡಿ. ಸೆಕ್ಷನ್ 8(3) ನೋಡಿ: ಕೋರ್ಟಿನಲ್ಲಿ ಅರ್ಜಿ ಬಾಕಿ ಇದ್ದಾಗಲೂ ಆರ್ಬಿಟ್ರೇಷನ್ ಶುರು ಮಾಡಬಹುದು, ಅವಾರ್ಡನ್ನೂ ಕೊಡಬಹುದು. ಕಾಯ್ದೆಯ ಮನಸ್ಸು ಯಾವ ಕಡೆಗಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಹೈಕೋರ್ಟು ವಜಾ ಮಾಡಿದರೆ ಉಳಿಯೋದು ಸುಪ್ರೀಂ ಕೋರ್ಟಿನಲ್ಲಿ 136ನೇ ವಿಧಿಯ ಎಸ್‌ಎಲ್‌ಪಿ (ಅಪೀಲಿಗೆ ವಿಶೇಷ ಅನುಮತಿ ಕೇಳುವ ಅರ್ಜಿ), ಅದಕ್ಕೆ 90 ದಿನ. ಕಾನೂನಿನ ದೊಡ್ಡ ಪ್ರಶ್ನೆ ಇಲ್ಲದಿದ್ದರೆ ದೆಹಲಿಗೆ ಹೋಗಿ ಬರುವ ಖರ್ಚಲ್ಲಿ ಆರ್ಬಿಟ್ರೇಟರ್ ಫೀಸೇ ಮುಗಿಯುತ್ತದೆ.

ಹೆಜ್ಜೆ 6: ಆರ್ಬಿಟ್ರೇಟರ್ ಮುಂದೆ ಮೊದಲ ದಿನವೇ ತಕರಾರು

ಹೈಕೋರ್ಟಿಗೆ ಹೋಗಿ, ಬಿಡಿ, ಇದನ್ನು ಮಾತ್ರ ತಪ್ಪಿಸಬೇಡಿ. ಸೆಕ್ಷನ್ 16ರ ಪ್ರಕಾರ ತನಗೆ ವ್ಯಾಪ್ತಿ ಇದೆಯಾ ಇಲ್ಲವಾ ಅಂತ ಆರ್ಬಿಟ್ರೇಟರೇ ತೀರ್ಮಾನಿಸುತ್ತಾರೆ. ಆ ತಕರಾರನ್ನು ನಿಮ್ಮ ಡಿಫೆನ್ಸ್ ಸ್ಟೇಟ್‌ಮೆಂಟ್ ಸಲ್ಲಿಸುವುದರೊಳಗೆ ಎತ್ತಬೇಕು. ಆರ್ಬಿಟ್ರೇಟರ್ ನೇಮಕದಲ್ಲಿ ನೀವು ಭಾಗವಹಿಸಿದ್ದರೂ ಈ ಹಕ್ಕು ಹೋಗಲ್ಲ. ಸುಮ್ನಿದ್ದರೆ ಹೋಗುತ್ತದೆ.

ಅವರು ನಿಮ್ಮ ತಕರಾರು ಒಪ್ಪಿದರೆ ಎದುರಿನವರು ಸೆಕ್ಷನ್ 37ರಲ್ಲಿ ಅಪೀಲ್ ಹೋಗುತ್ತಾರೆ. ಒಪ್ಪದಿದ್ದರೆ ನಿಮಗೆ ಆ ಘಟ್ಟದಲ್ಲಿ ಅಪೀಲ್ ಇಲ್ಲ, ಕೇಸು ಪೂರ್ತಿ ನಡೆದು ಅವಾರ್ಡ್ ಬಂದ ಮೇಲೆ ಸೆಕ್ಷನ್ 34ರಲ್ಲಿ ಪ್ರಶ್ನಿಸಬೇಕು. ಅದಕ್ಕೆ 3 ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನು 30 ದಿನ, ಅದರ ಮೇಲೆ ಒಂದು ದಿನವೂ ಇಲ್ಲ.

ಆರ್ಬಿಟ್ರೇಟರ್ ಯಾರು ಅನ್ನೋದನ್ನೂ ನೋಡಿ. "ಮಾಲೀಕರು ನೇಮಿಸಿದವರೇ ಪಂಚಾಯ್ತಿದಾರರು" ಅಂತ ಕಲಮಿದ್ದರೆ ಅದು ಇವತ್ತು ನಿಲ್ಲೋದು ಕಷ್ಟ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ಒಬ್ಬರೇ ಕೂತು ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಅಂತ ಪರ್ಕಿನ್ಸ್ ಈಸ್ಟ್‌ಮನ್ ಕೇಸಿನಲ್ಲಿ (2019) ಆಗಿದೆ. ನೀವು ಒಪ್ಪದೇ ಇದ್ದರೆ 30 ದಿನ ಕಳೆದ ಮೇಲೆ ಹೈಕೋರ್ಟಿನಲ್ಲಿ ಸೆಕ್ಷನ್ 11ರ ಅರ್ಜಿ, ನಮ್ಮಲ್ಲಿ ಅದಕ್ಕೆ ಸಿಎಂಪಿ (ಸಿವಿಲ್ ಮಿಸಲೇನಿಯಸ್ ಪಿಟಿಷನ್) ನಂಬರ್ ಬೀಳುತ್ತದೆ. ಬೆಂಗಳೂರಿನಲ್ಲಿ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಆರ್ಬಿಟ್ರೇಷನ್ ಸೆಂಟರಿನಲ್ಲಿ ನಡೆಸಿ ಅಂತ ಕೇಳಬಹುದು. ಯಾರದ್ದೋ ಡ್ರಾಯಿಂಗ್ ರೂಮಿನಲ್ಲಿ ಕೂರೋದಕ್ಕಿಂತ ಅದು ಎಷ್ಟೋ ವಾಸಿ.

ಖರ್ಚು ಎಷ್ಟು? ಕಾಯ್ದೆಯ ನಾಲ್ಕನೇ ಷೆಡ್ಯೂಲಿನಲ್ಲಿ ಮಾದರಿ ದರ ಇದೆ. 5 ಲಕ್ಷದವರೆಗೆ 45,000. 5ರಿಂದ 20 ಲಕ್ಷದವರೆಗೆ ಆ 45,000ದ ಜೊತೆ 5 ಲಕ್ಷ ಮೀರಿದ ಮೊತ್ತದ ಶೇ. 3.5. ಒಬ್ಬರೇ ಆರ್ಬಿಟ್ರೇಟರಾದರೆ ಒಟ್ಟಿನ ಮೇಲೆ ಶೇ. 25 ಜಾಸ್ತಿ. 12 ಲಕ್ಷದ ವ್ಯಾಜ್ಯ ಅಂದುಕೊಳ್ಳಿ: 45,000, ಜೊತೆಗೆ 24,500, ಮೇಲೆ 17,375. ಒಟ್ಟು 86,875. ಸಾಮಾನ್ಯವಾಗಿ ಇಬ್ಬರೂ ಅರ್ಧರ್ಧ ಕಟ್ಟುತ್ತಾರೆ. ಸೆಂಟರುಗಳಿಗೆ ಅವುಗಳದ್ದೇ ದರಪಟ್ಟಿ ಇರುತ್ತದೆ. ಕೋರ್ಟ್ ಫೀ ಕಟ್ಟಿ ದಾವೆ ಹಾಕಿದವರಿಗೆ ಈ ಎರಡನೇ ಬಿಲ್ಲು ನೋಡಿದಾಗ ಉರಿಯುತ್ತದೆ, ಅದು ಸಹಜ.

ಅಮೆರಿಕದಲ್ಲಿರುವ ನಮ್ಮವರು ಕೆಲಸದ ಕಾಂಟ್ರಾಕ್ಟ್ ಹಿಡಿದು ಫೋನ್ ಮಾಡಿ ಕೇಳೋದುಂಟು, ಅಲ್ಲಿ ಹೇಗೆ ಅಂತ. ಅಲ್ಲಿಯ ಫೆಡರಲ್ ಕಾಯ್ದೆಯೂ ಹೆಚ್ಚುಕಡಿಮೆ ಇದೇ ತೂಕದ್ದು. ಕಳಿಸಲ್ಲ ಅಂದರೆ ತಕ್ಷಣ ಅಪೀಲ್, ಕಳಿಸಿದರೆ ಸಾಮಾನ್ಯವಾಗಿ ಇಲ್ಲ. 2024ರ ಸ್ಮಿತ್ ವರ್ಸಸ್ ಸ್ಪಿಝಿರಿ ತೀರ್ಪಿನ ನಂತರ, ಒಬ್ಬರು ತಡೆ ಕೇಳಿದರೆ ಕೋರ್ಟು ಕೇಸನ್ನು ವಜಾ ಮಾಡದೆ ತಡೆದಿಡಬೇಕು. ಲೈಂಗಿಕ ಕಿರುಕುಳದ ದೂರಿದ್ದರೆ ಮಾತ್ರ 2022ರ ಕಾಯ್ದೆಯ ಪ್ರಕಾರ ದೂರು ಕೊಟ್ಟವರನ್ನು ಆರ್ಬಿಟ್ರೇಷನ್‌ಗೆ ಬಲವಂತ ಮಾಡುವಂತಿಲ್ಲ. ಉಳಿದದ್ದನ್ನು ಅಲ್ಲಿಯ ವಕೀಲರನ್ನೇ ಕೇಳಿ.

ಅಂಗಡಿಯವರ ವಿಷಯಕ್ಕೆ ಬರೋಣ. ಸೆಕ್ಷನ್ 9ರ ಅರ್ಜಿ ಆ ವಾರವೇ ಹಾಕಿದೆವು. 227 ಹಾಕಬೇಕಾ ಬೇಡವಾ ಅನ್ನೋದು ಆ ಅಳತೆಯ ಮೇಲೆ ನಿಂತಿತ್ತು. ಟೇಪ್ ಹಿಡಿದು ಅಳೆಯಿರಿ, ಫೋಟೋ ತೆಗೆಯಿರಿ ಅಂತ ಹೇಳಿ ಕಳಿಸಿದ್ದೆ. ಸಂಜೆ ಮಗನ ಕೈಯಲ್ಲಿ ವಾಟ್ಸಾಪ್ ಮಾಡಿಸಿದರು. ಬಿಸ್ಕತ್ ಡಬ್ಬಗಳ ಸಾಲಿನ ಪಕ್ಕ ಹಳದಿ ಟೇಪು, 9 ಅಡಿ. ಇನ್ನೊಂದರಲ್ಲಿ 12 ಅಡಿ. ಕೆಳಗೆ "108 ಚದರ ಅಡಿ ಮೇಡಂ, ಗೆದ್ದೆವು" ಅಂತ ಮೆಸೇಜು.

ಗೋಡೆ ಬಿಟ್ಟು ಅಳೆದಿದ್ದರು. ಕಾಯ್ದೆ ಕೇಳೋದು ಪ್ಲಿಂತ್ ಏರಿಯಾ, ಗೋಡೆಯ ದಪ್ಪವೂ ಸೇರಬೇಕು. 9 ಇಂಚಿನ ಗೋಡೆಯಾದರೆ ಎರಡೂ ಕಡೆ ಸೇರಿಸಿ 10.5 ಅಡಿಗೆ 13.5 ಅಡಿ, ಸುಮಾರು 142 ಚದರ ಅಡಿ. ಆಗಲೂ 150ರ ಒಳಗೇ ಬರುತ್ತದೆ, ಆದರೆ ಗೋಡೆ ಹಳೇ ಕಾಲದ ಕಲ್ಲಿನದ್ದಾಗಿದ್ದು ಒಂದೂವರೆ ಅಡಿ ದಪ್ಪ ಇದ್ದರೆ ಲೆಕ್ಕ ಕೆಡುತ್ತದೆ. ನಾಳೆ ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಹೊರಗಿನಿಂದ ಮತ್ತೆ ಅಳೆದು ಕಳಿಸಿ ಅಂತ ಬರೆದೆ.